ಅತ್ತೆ ಹೇಳಿದ್ರು, ನೀರು ಕಚ್ತದೆ

ನಮ್ಮ ಕಾರವಾರ, ಅಂಕೋಲೆ ಬದಿಗೆ ಚಳಿ ಬಿತ್ತು ಹೇಳಿದ್ರೆ ಶಿರಸಿ, ಯಲ್ಲಾಪುರದವ್ರು ನಗಾಡ್ತಾರೆ. ಅವರದ್ದು ಕಂಬಳಿ ಹೊದ್ರೂ ಹಲ್ಲು ಕಟಕಟ ಅನ್ನೂ ಚಳಿ. ನಮ್ಮದು ಬೆಳಗಿನ ಜಾವ ಮೂಡುಗಾಳಿ ಬೀಸಿ, ಬಾವಿಕಟ್ಟೆ ಮೇಲೆ ಕಾಲಿಟ್ರೆ ಹಿಮ್ಮಡಿ ತಣ್ಣಗಾಗೂ ಚಳಿ, ಅಷ್ಟೇಯಾ. ಹತ್ತು ಗಂಟೆ ಆಯ್ತು ಹೇಳಿದ್ರೆ ಮತ್ತೆ ಬೆವರು. ಆದ್ರೂ ಡಿಸೆಂಬರ್ ಬಂತು ಅಂದ್ರೆ ನಮ್ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಮೊದಲು ಹಾಕೂದು ಗೀಸರಿನ ಸ್ವಿಚ್ಚು, ದೇವರ ಮುಂದಿನ ದೀಪ ಆಮೇಲೆ.

ಇವತ್ತು ಆ ಗೀಸರಿನ ವಿಷಯವೇ ಬರೀತೇನೆ. ನಗಬೇಡಿ. ಅಡಿಗೆ, ಹಬ್ಬ, ಮಾವಿನ ಮಿಡಿ ಎಲ್ಲ ಬರೆದವಳು ಈಗ ಗೀಸರಿಗೆ ಬಂದ್ಲು ಹೇಳಿ ಅನ್ಕೊಬೇಡಿ. ಓದಿದ್ಮೇಲೆ ನಿಮ್ಮನೆ ಬಚ್ಚಲಿಗೊಂದ್ಸಲ ಹೋಗಿ ನೋಡ್ಕೊಂಡು ಬಂದ್ರೆ ನಾನು ಬರೆದದ್ದು ಸಾರ್ಥಕ.

ನನ್ನ ತವರು ಅವರ್ಸಾ, ಕಾರವಾರಕ್ಕೂ ಅಂಕೋಲೆಗೂ ನಡುವೆ, ಹೆದ್ದಾರಿ ಬದಿಗೆ. ಅಲ್ಲಿ ಬಚ್ಚಲು ಮನೆಯಿಂದ ಹೊರಗೆ, ಬಾವಿ ಹತ್ತಿರ. ಮೂರು ಕಲ್ಲಿನ ಒಲೆ, ಮೇಲೆ ತಾಮ್ರದ ಹಂಡೆ. ಉರಿಗೆ ತೆಂಗಿನ ಮಡ್ಲು, ಕಾಯಿಸಿಪ್ಪೆ, ಗರಟೆ, ಬೆಟ್ಟದಿಂದ ಒಟ್ಟಿ ತಂದ ದರಕು. ಹಂಡೆ ಕಾಯೂ ಕೆಲಸ ಮಕ್ಕಳದ್ದು. ಒಬ್ಬರು ಮಿಂದು ಬಂದ್ರೆ ಎರಡು ಕೊಡ ನೀರು ಹಾಕಬೇಕು. ಹಾಕೂದು ಮರೆತ್ರೆ ಆಯಿ ಒಳಗಿನಿಂದಲೇ ಕೂಗ್ತಿದ್ಲು, "ಒಲೆಯಲ್ಲಿ ಕೆಂಡ ಉಂಟು, ಹಂಡೆ ಬರಿದು ಮಾಡ್ಬೇಡಿ, ತಳ ಹೋಗ್ತದೆ!" ಬೂದಿ ದಿನಾ ತೆಗೀಬೇಕು. ಇಲ್ದಿದ್ರೆ ಉರಿ ಹತ್ತೂದಿಲ್ಲ, ಬರೀ ಹೊಗೆ.

ಇನ್ನು ವರ್ಷಕ್ಕೊಂದು ದಿನ ಹಂಡೆಯದ್ದೇ ಹಬ್ಬ. ದೀಪಾವಳಿಯ ತ್ರಯೋದಶಿ, ನೀರು ತುಂಬೂ ಹಬ್ಬ. ಅವತ್ತು ಮಧ್ಯಾಹ್ನ ಊಟ ಆದ್ಮೇಲೆ ಹಂಡೆಯನ್ನ ಒಲೆಯಿಂದ ಕೆಳಗೆ ಇಳಿಸೂದು. ಹುಣಸೆಹುಳಿ, ಬೂದಿ, ತೆಂಗಿನ ನಾರು ಹಾಕಿ ಹೊರಗೆ ಒಳಗೆ ತಿಕ್ಕೂದು. ಒಳಗೆ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿರ್ತಿತ್ತು. ಆಯಿ ಅದನ್ನ ಗರಟೆ ಚೂರಿನಿಂದ ಕೆರೆದು ತೆಗೀತಿದ್ಲು. ಆಮೇಲೆ ಹಂಡೆಯನ್ನ ಬಿಸಿಲಿಗೆ ಎತ್ತಿ ಹಿಡಿದು ಒಳಗೆ ಬಗ್ಗಿ ನೋಡ್ತಿದ್ಲು, ಎಲ್ಲಾದ್ರೂ ಸೂಜಿಮೊನೆಯಷ್ಟು ಬೆಳಕು ಬರ್ತದ್ಯಾ ಹೇಳಿ. ಬಂದ್ರೆ ಬೆಸುಗೆ ಹಾಕ್ಸೂದು. ಬರದಿದ್ರೆ ಜೇಡಿ, ಕೆಮ್ಮಣ್ಣಿನ ಗೆರೆ ಎಳೆದು, ಕುತ್ತಿಗೆಗೆ ಹಿಂಡ್ಲಿಕಾಯಿ ಬಳ್ಳಿ ಸುತ್ತಿ, ಬಾವಿಗೆ ಪೂಜೆ ಮಾಡಿ ಹೊಸ ನೀರು ತುಂಬೂದು. ಮರುದಿನ ಚತುರ್ದಶಿ ಬೆಳಗಿನ ಜಾವ ಆ ನೀರಲ್ಲಿ ಎಣ್ಣೆಸ್ನಾನ. ಹಿಂಡ್ಲಿಕಾಯಿಯನ್ನ ಕಾಲಲ್ಲಿ ಮೆಟ್ಟಿ ಒಡೆದ್ರೆ ನರಕಾಸುರ ಸತ್ತ. ಕಾರವಾರದ ಕೊಂಕಣಿಯವ್ರು ಇದಕ್ಕೇ ಕಾರೀಟ ಹೇಳ್ತಾರೆ.

ಹಾಗಂತ ಹಂಡೆಯೇ ಚಂದ ಇತ್ತು, ಈಗಿನದ್ದೆಲ್ಲ ಹಾಳು ಹೇಳೂ ಸ್ವಭಾವ ನನ್ನದಲ್ಲ. ಮಳೆಗಾಲದಲ್ಲಿ ಒದ್ದೆ ಸಿಪ್ಪೆ ಊದಿ ಊದಿ ಆಯಿ ಕಣ್ಣು ಯಾವಾಗಲೂ ಕೆಂಪು. ಆ ಹೊಗೆ ಮತ್ತೆ ಬೇಡ ಮಾರಾಯ್ರೆ.

1994ರಲ್ಲಿ ನಾನು ಮದುವೆಯಾಗಿ ಕೋಡಿಬಾಗಕ್ಕೆ ಬಂದೆ. ಕೋಡಿಬಾಗ ಹೇಳಿದ್ರೆ ಕಾರವಾರದ ತುದಿ, ಕಾಳಿ ನದಿ ಸಮುದ್ರ ಸೇರೂ ಜಾಗ. ಇಲ್ಲೂ ಹಂಡೆಯೇ ಇತ್ತು. ಬಾವಿ ನೀರು ಮಾತ್ರ ತವರಿನ ಹಾಗಲ್ಲ. ಮಳೆ ನಿಂತು ಎರಡು ಮೂರು ತಿಂಗಳಾಯ್ತು ಹೇಳಿದ್ರೆ ಬಾಯಿಗೆ ಹಾಕಿದ್ರೆ ಸಪ್ಪೆ ಉಪ್ಪು. ಕುಡಿಲಿಕ್ಕೆ, ಅಡಿಗೆಗೆ ಗಂಗಾವಳಿಯ ನಳದ ನೀರು. ಮೀಯಲಿಕ್ಕೆ, ತೊಳೀಲಿಕ್ಕೆ ಬಾವಿಯದ್ದು, ಪಂಪು ಹಾಕಿ ಮೇಲಿನ ಟಾಕಿಗೆ ಏರಿಸೂದು.

2014ರಲ್ಲಿ ಮನೆ ರಿಪೇರಿ ಮಾಡಿಸಿ ಬಚ್ಚಲು ಒಳಗೆ ಬಂತು, ಟೈಲ್ಸ್ ಬಂತು, 15 ಲೀಟರಿನ ಗೀಸರ್ ಬಂತು. ಹಂಡೆ ಅಟ್ಟ ಹತ್ತಿತು. ಗೀಸರ್ ಕೂರಿಸಲಿಕ್ಕೆ ಬಂದವ ಅರ್ಧ ಗಂಟೆಯಲ್ಲಿ ಗೋಡೆಗೆ ತೂತು ಹೊಡೆದು, ಪ್ಲಗ್ಗು ಸಿಕ್ಕಿಸಿ, "ಆಯ್ತು ಅಕ್ಕಾ" ಹೇಳಿ ಹೋದ. ನಳ ತಿರುಗಿಸಿದ್ರೆ ಬಿಸಿನೀರು. ನಮಗೆ ಇನ್ನೆಂತ ಬೇಕು? ಆಮೇಲೆ ಹತ್ತು ವರ್ಷ ಅದರ ಬುಡಕ್ಕೆ ಯಾರೂ ಹೋಗ್ಲಿಲ್ಲ. ಹಬ್ಬಕ್ಕೆ ಹೊರಗಿನಿಂದ ಒಂದು ಒದ್ದೆ ಬಟ್ಟೆ ಒರೆಸಿದ್ರೆ ಮುಗೀತು.

ಅದು ಹೇಳೂದು ಹೇಳ್ತಾನೇ ಇತ್ತು, ನಮಗೆ ಕೇಳ್ಲಿಲ್ಲ. ಮೊದಲು ಕಾಲು ಗಂಟೆಗೆ ಕಾಯ್ತಿದ್ದ ನೀರಿಗೆ ಅರ್ಧ ಗಂಟೆ ಬೇಕಾಯ್ತು. ಇವರು ಚಳಿ ಹೆಚ್ಚಾಯ್ತು ಕಾಣ್ತದೆ ಹೇಳಿ ಕೆಳಗಿನ ಗುಂಡಿ ತಿರುಗಿಸಿ ಉಷ್ಣ ಏರಿಸಿದ್ರು. ಒಳಗಿನಿಂದ ಹಪ್ಪಳ ಕರಿದ ಹಾಗೆ ಸದ್ದು. ಬಾಲ್ದಿಯ ತಳದಲ್ಲಿ ಬಿಳಿ ಚಕ್ಕೆ. ಗೃಹಜ್ಯೋತಿ ಬಂದ ಮೇಲೆ ಬಿಲ್ಲೂ ಶೂನ್ಯ, ಹಾಗಾಗಿ ಗೀಸರ್ ಎಷ್ಟು ಕರೆಂಟು ತಿಂತದೆ ಹೇಳಿ ನೋಡೂ ಅಭ್ಯಾಸವೂ ಹೋಯ್ತು.

ಕಳೆದ ವರ್ಷದ ಚಳಿಗೆ ಅತ್ತೆ ಒಂದಿನ ಮಿಂದು ಬಂದು ಜಗುಲಿ ಮೇಲೆ ಕೂತು ಹೇಳಿದ್ರು, "ತಂಗೀ, ನಿಮ್ಮ ಬಿಸಿನೀರು ಕಚ್ತದೆ."

ಅತ್ತೆಗೆ 82 ವರ್ಷ. ಸಕ್ಕರೆ ಕಾಯಿಲೆ ಉಂಟು, ಪಾದ ಉರಿ, ಕೈಬೆರಳು ಜೋಮು. ನಾನು, "ನೀರು ಜಾಸ್ತಿ ಸುಡ್ತಾ ಅತ್ತೆ? ತಣ್ಣೀರು ಬೆರೆಸ್ಕೊಳ್ಳಿ" ಅಂದೆ. "ಸುಡೂದಲ್ಲ, ಕಚ್ಚೂದು. ಇರುವೆ ಹರಿದ ಹಾಗೆ," ಅಂದ್ರು. ಇವರಿಗೆ ಹೇಳಿದೆ. ಇವರು ಬಚ್ಚಲಿಗೆ ಹೋಗಿ ನಳದ ಕೆಳಗೆ ಕೈ ಹಿಡಿದು ನೋಡಿ, "ಎಂತದೂ ಇಲ್ಲ, ಆಯಿಗೆ ನರದ್ದು," ಹೇಳಿ ಬಂದ್ರು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಜೋಮು ಹೆಚ್ಚಾಗಿದೆ ಹೇಳಿ ನಾವೇ ಹೇಳಿದ್ವಿ. ಅವರು ಒಂದು ಗುಳಿಗೆ ಹೆಚ್ಚು ಬರೆದ್ರು.

ಅತ್ತೆ ಗುಳಿಗೆ ತಕೊಂಡ್ರು. ನೀರು ಕಚ್ಚೂದು ನಿಲ್ಲಲಿಲ್ಲ. ಮತ್ತೆರಡು ಸಲ ಹೇಳಿದ್ರು. ಮೂರನೇ ಸಲ ಮಗ ರಜೆಗೆ ಬಂದವ, "ಅಜ್ಜಿಗೆ ಹಂಡೆ ನೆನಪಾಗಿದೆ," ಹೇಳಿ ನಗಾಡಿದ. ನಾವೂ ನಗಾಡಿದ್ವಿ. ಆಮೇಲೆ ಅವರು ಹೇಳೂದೇ ಬಿಟ್ರು. ಎರಡು ದಿನಕ್ಕೊಮ್ಮೆ ಮೀಯಲಿಕ್ಕೆ ಶುರು ಮಾಡಿದ್ರು. ಚಳಿಗಾಲ ಅಲ್ದಾ, ವಯಸ್ಸಾದವರು, ಸಹಜ ಹೇಳಿ ನಾನೂ ಸುಮ್ಮನಾದೆ. ಈಗ ಬರೀವಾಗ ಈ ಸಾಲು ಬರೀಲಿಕ್ಕೇ ನನಗೆ ಕಷ್ಟ ಆಗ್ತದೆ.

ಜನವರಿ ಕೊನೆಗೆ ಒಂದಿನ ಅತ್ತೆ ಮೀಯಲಿಕ್ಕೆ ಹೋಗೂ ಮುಂಚೆ ಬಚ್ಚಲು ಜಾರ್ತದೆ ಹೇಳಿ ತಿಕ್ಕಲಿಕ್ಕೆ ಹೋದೆ. ಬರಿಗಾಲು. ಗೀಸರ್ ಹಾಕಿಯೇ ಇತ್ತು. ತಿಕ್ಕಿ ಮುಗಿಸಿ ಒದ್ದೆ ಕೈಯಲ್ಲಿ ಬಿಸಿನೀರಿನ ನಳ ಮುಟ್ಟಿದೆ ನೋಡಿ, ಮೊಣಕೈವರೆಗೆ ಜಗ್ಗಿದ ಹಾಗಾಯ್ತು. ಕೈ ಹಿಂದೆ ಎಳ್ಕೊಂಡೆ. ಅಲ್ಲೇ ಗೋಡೆಗೆ ಒರಗಿ ನಿಂತೆ. ಮೊದಲು ನೆನಪಾದದ್ದು ಅತ್ತೆಯ ಮಾತು. ಕಚ್ಚೂದು ಹೇಳಿದ್ರೆ ಇದೇಯಾ.

ಕರೆಂಟ್ ಕೆಲಸದ ಹುಡುಗನಿಗೆ ಫೋನು ಮಾಡಿದೆ. ಗೀಸರ್ ಕೂರಿಸಿದವನಲ್ಲ, ಇವ ಬೇರೆ. ಬಂದವ ಮೊದಲು ಗೀಸರ್ ಹಾಕಿ ನಳಕ್ಕೆ ಟೆಸ್ಟರ್ ಹಚ್ಚಿದ. ಕೆಂಪು ದೀಪ ಹತ್ತಿತು. ಅವ ಎಂತದೂ ಮಾತಾಡ್ಲಿಲ್ಲ, ಹೋಗಿ ಮೇನ್ ಸ್ವಿಚ್ಚೇ ತೆಗೆದ. "ಅಕ್ಕಾ, ಇದ್ರಲ್ಲಿ ಯಾರು ಮೀತಾರೆ?" ಕೇಳಿದ. ಎಲ್ಲರೂ ಅಂದೆ.

ಹಾಗಾದ್ರೆ ನಮಗ್ಯಾಕೆ ಗೊತ್ತಾಗ್ಲಿಲ್ಲ? ಅವನೇ ಬಿಡಿಸಿ ಹೇಳಿದ. ಇವರು, ಮಕ್ಕಳು, ನಾನು ಎಲ್ಲ ರಬ್ಬರ್ ಚಪ್ಪಲಿ ಹಾಕಿ ಮೀಯೂದು, ಪ್ಲಾಸ್ಟಿಕ್ ಮಗ್ಗು. ಬಾಲ್ದಿ ತುಂಬಿದ ಕೂಡ್ಲೆ ಸ್ವಿಚ್ಚು ತೆಗೆದುಬಿಡ್ತೇವೆ. ಅತ್ತೆಗೆ ಬಚ್ಚಲಲ್ಲಿ ಚಪ್ಪಲಿ ಆಗೂದಿಲ್ಲ, ಪ್ಲಾಸ್ಟಿಕ್ ಮಗ್ಗೂ ಆಗೂದಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲು, ಕೈಯಲ್ಲಿ ತಾಮ್ರದ ಚೆಂಬು, ಅದನ್ನ ನೇರ ನಳಕ್ಕೆ ಹಿಡಿಯೂದು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಮೀಯೂದೂ ಅವರೇ, ಗೀಸರ್ ಉರೀತಾ ಇರುವಾಗಲೇ. ಐದು ಜನರಲ್ಲಿ ಕರೆಂಟಿಗೆ ದಾರಿ ಸಿಕ್ಕಿದ್ದು ಅವರೊಬ್ಬರ ಮೈಯಲ್ಲಿ. ನಾವೇ ಅವರ ಮಾತಿಗೆ ಗುಳಿಗೆ ಕೊಟ್ಟವ್ರು.

ಹುಡುಗ ಗೀಸರ್ ಬಿಚ್ಚಿ ನೆಲಕ್ಕೆ ಇಳಿಸಿದ. ಒಳಗಿನಿಂದ ಅರ್ಧ ಬಾಲ್ದಿ ಬಿಳಿ ಕೆಸರು ಬಂತು. ಕಾಯಿಲ್ ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ ಇತ್ತು. ಕಾಯಿಲ್ ಹೇಳಿದ್ರೆ ಬರೀ ತಂತಿ ಅಲ್ಲ. ಒಳಗೆ ಕಾಯೂ ತಂತಿ, ಅದರ ಸುತ್ತ ಕರೆಂಟು ಹರಿಯದ ಬಿಳಿ ಪುಡಿ ಗಟ್ಟಿಯಾಗಿ ತುಂಬಿರ್ತದೆ, ಅದರ ಮೇಲೆ ಲೋಹದ ಕೊಳವೆ. ಸುಣ್ಣ ದಪ್ಪ ಕೂತ್ರೆ ಶಾಖ ನೀರಿಗೆ ಹೋಗೂದಿಲ್ಲ, ಕೊಳವೆಯೇ ಅತಿಯಾಗಿ ಕಾದು ಬಿರೀತದೆ. ನಮ್ಮ ಉಪ್ಪು ನೀರು ಮೇಲಿಂದ ಅದನ್ನ ತಿಂತದೆ. ಬಿರುಕಿನಿಂದ ನೀರು ಒಳಗೆ ಹೋದ್ರೆ ಕರೆಂಟು ಹೊರಗೆ ಬರ್ತದೆ. ಉಪ್ಪು ನೀರಲ್ಲಂತೂ ಇನ್ನೂ ಸಲೀಸು.

ಕಾಯಿಲ್ ಹತ್ತಿರ ಇನ್ನೊಂದು ರಾಡು ಇರಬೇಕಿತ್ತು, ಮೆಗ್ನೀಸಿಯಂದು. ಟಾಕಿಗೆ ತುಕ್ಕು ಹಿಡಿಯೂ ಬದ್ಲು ಆ ರಾಡು ತಾನು ಸವೀತದೆ. ಅದಕ್ಕೇ ಅದನ್ನ ಇಡೂದು. ಗಡಸು ನೀರು, ಉಪ್ಪು ನೀರಿದ್ದಲ್ಲಿ ಬೇಗ ಸವೀತದೆ, ನೋಡಿ ಬದಲಾಯಿಸ್ತಾ ಇರಬೇಕು. ನಮ್ಮದರಲ್ಲಿ ರಾಡು ಹೋಗಿ ನಡುವಿನ ಒಂದು ಸಣ್ಣ ಸರಿಗೆ ಮಾತ್ರ ಉಳಿದಿತ್ತು. ಹೆಚ್ಚಿನ ಒತ್ತಡ ಹೊರಗೆ ಬಿಡೂ ವಾಲ್ವೂ ಸುಣ್ಣ ಕಟ್ಟಿ ಜಾಮ್.

ಇಷ್ಟೆಲ್ಲ ಆದ್ರೂ ಕರೆಂಟು ಅತ್ತೆವರೆಗೆ ಬರಬಾರದಿತ್ತು. ಪ್ಲಗ್ಗಿನ ಮೂರನೇ ಪಿನ್ನು, ದಪ್ಪದ್ದು, ಇರೂದೇ ಅದಕ್ಕೆ. ಸೋರಿದ ಕರೆಂಟನ್ನ ಅದು ಭೂಮಿಗೆ ಒಯ್ಯಬೇಕು. ಹುಡುಗ ಗೋಡೆಯ ಸಾಕೆಟ್ ಬಿಚ್ಚಿ ಕರೆದು ತೋರ್ಸಿದ. ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ. ಎರಡೇ ತಂತಿ ಎಳೆದು, ಮೂರು ತೂತಿನ ಸಾಕೆಟ್ ಹಾಕಿ, ಮುಚ್ಚಿ ಹೋಗಿದ್ರು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿ. ಹಿತ್ತಲಲ್ಲಿ ಮನೆ ಕಟ್ಟಿದಾಗ ಹೂಳಿದ ಅರ್ತಿಂಗಿನ ಗುಂಡಿ ಇತ್ತು, ಅದರ ಮೇಲೆ ನಾನೇ ಕಟ್ಟಿಗೆ ಒಟ್ಟಿದ್ದೆ. ಕೆಳಗೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

ರಿಪೇರಿಗೆ ಮೂರು ದಿನ ಹಿಡೀತು. ಆ ಮೂರು ದಿನಕ್ಕೆ ಇವರು ಅಟ್ಟದಿಂದ ಹಂಡೆ ಇಳಿಸಿದ್ರು. ಹಿತ್ತಲಲ್ಲಿ ಮೂರು ಕಲ್ಲಿಟ್ಟು ನಾನು ಉರಿ ಹಾಕಿದೆ. ಅತ್ತೆ ಬಂದು ಒಲೆ ಹತ್ತಿರ ಮಣೆ ಹಾಕ್ಕೊಂಡು ಕೂತು ಕೈ ಕಾಯಿಸ್ಕೊಂಡ್ರು. ನಾನು, "ಅತ್ತೆ, ನೀವು ಹೇಳಿದ್ದೇ ಸರಿ ಇತ್ತು. ನಾವು ಕೇಳ್ಲಿಲ್ಲ," ಅಂದೆ. ತಪ್ಪಾಯ್ತು ಹೇಳೂ ಮಾತು ಬಾಯಿವರೆಗೆ ಬಂತು, ಹೊರಗೆ ಬರ್ಲಿಲ್ಲ. ನಮ್ಮ ಮನೆಗಳಲ್ಲಿ ಆ ಮಾತು ಆಡಿ ಅಭ್ಯಾಸ ಇಲ್ಲ, ಅಲ್ದಾ?

ಅವರು ಒಂದು ಗರಟೆ ಉರಿಗೆ ಒತ್ತಿ ಹೇಳಿದ್ರು, "ಹಂಡೆಯಾಗಿದ್ರೆ ವರ್ಷಕ್ಕೊಂದ್ಸಲವಾದ್ರೂ ಒಳಗೆ ಬಗ್ಗಿ ನೋಡ್ತಿದ್ರಿ."

ನನಗೆ ಆಗ ಹೊಳೆದದ್ದು ಇಷ್ಟು. ಹಂಡೆಯನ್ನ ನೋಡ್ಕೊಳ್ಳಲಿಕ್ಕೆ ಹಿರಿಯರು ಒಂದು ಹಬ್ಬ ಇಟ್ಟಿದ್ರು. ಹಬ್ಬ ಇದ್ರೆ ಮರಿಯೂದಿಲ್ಲ. ಅದು ಬರೀ ಪೂಜೆ ಅಲ್ಲ, ಚಳಿಗಾಲ ಶುರುವಾಗೂ ಮುಂಚೆ ಸುಣ್ಣ ಕೆರೆದು, ತೂತು ನೋಡಿ, ಸರಿ ಮಾಡಿ ಇಡೂ ದಿನ. ಗೀಸರಿಗೆ ಹಬ್ಬ ಇಲ್ಲ. ಅದು ಗೋಡೆ ಮೇಲೆ, ಕೈಗೆಟುಕದ ಎತ್ತರದಲ್ಲಿ, ಬಿಳಿ ಡಬ್ಬಿಯೊಳಗೆ ಮುಚ್ಕೊಂಡು ಕೂತಿರ್ತದೆ.

ಮಲ್ಲಾಪುರದ ಕೈಗಾ ಟೌನ್‌ಶಿಪ್ಪಿನಲ್ಲಿರೂ ನನ್ನ ಚಿಕ್ಕಮ್ಮನ ಮಗನಿಗೆ ಇದನ್ನ ಹೇಳಿದೆ. ಅವ ನಕ್ಕು, "ಅಕ್ಕಾ, ಕೈಗಾನೂ ನೀರು ಕಾಯಿಸೂ ಹಂಡೆಯೇ," ಅಂದ. ಅಲ್ಲಿ ಅಣು ಒಡೆದ ಶಾಖಕ್ಕೆ ನೀರು ಕಾದು ಉಗಿಯಾಗಿ ಚಕ್ರ ತಿರುಗಿಸ್ತದೆ. ಅಲ್ಲಿಯ ಒಂದನೇ ಘಟಕ 2016ರ ಮೇ ತಿಂಗಳಿಂದ 962 ದಿನ ಒಂದೇ ಸಮ ನಡೆದು ಆಗ ಜಗತ್ತಿನ ದಾಖಲೆ ಮಾಡಿತ್ತು, ಪೇಪರಿನಲ್ಲಿ ನೀವೂ ಓದಿರ್ತೀರಿ. ಅಷ್ಟು ಚಂದ ನಡೀತಿದ್ದದ್ದನ್ನೂ 2018ರ ಡಿಸೆಂಬರ್ 31ಕ್ಕೆ ನಿಲ್ಲಿಸಿದ್ರು. ತಪಾಸಣೆ ಮಾಡ್ಬೇಕು ಹೇಳಿ. ನಮ್ಮದೇ ತಾಲೂಕಿನ ಅಷ್ಟು ದೊಡ್ಡ ಹಂಡೆಯನ್ನೂ ನಿಲ್ಲಿಸಿ ನೋಡ್ತಾರೆ, ನಾವು 15 ಲೀಟರಿನದ್ದನ್ನ ಹತ್ತು ವರ್ಷ ನೋಡ್ಲಿಲ್ಲ.

ಈಗ ನಮ್ಮನೆಯಲ್ಲಿ ನೀರು ತುಂಬೂ ಹಬ್ಬದ ವಾರ ಗೀಸರಿಗೂ ಪಾಲುಂಟು. ಹುಡುಗನನ್ನ ಕರೆಸೂದು. ಒಳಗಿನ ಕೆಲಸ ನಾವು ಮಾಡೂದಲ್ಲ, ಅದು ತಿಳಿದವರದ್ದೇ ಆಗಬೇಕು. ಪ್ಲಗ್ಗು ಕಿತ್ತು, ನೀರು ಬಸಿದು, ಕಾಯಿಲಿನ ಸುಣ್ಣ ತೆಗೆದು, ರಾಡು ಎಷ್ಟು ಸವೆದಿದೆ ನೋಡಿ, ವಾಲ್ವು ಬಿಡಿಸ್ತಾನೆ. ನಾನು ಪಕ್ಕ ನಿಂತು ನೋಡ್ತೇನೆ, ಆಯಿ ಹಂಡೆ ಒಳಗೆ ಬಗ್ಗಿ ನೋಡ್ತಿದ್ದ ಹಾಗೆ. ಸಾಕೆಟ್ಟಿನ ಮೂರನೇ ತೂತಿಗೆ ತಂತಿ ಇದ್ಯಾ, ಅದು ಭೂಮಿಗೆ ಮುಟ್ಟಿದ್ಯಾ ಹೇಳಿ ಬಲ್ಬು ಹಚ್ಚಿ ತೋರಿಸು ಅಂತೇನೆ. ಮೀಟರ್ ಹತ್ತಿರ ಕರೆಂಟು ಸೋರಿದ್ರೆ ಥಟ್ಟನೆ ಬಂದಾಗೂ ಸ್ವಿಚ್ಚೊಂದು ಹಾಕ್ಸಿದ್ದೇವೆ, 30 ಮಿಲಿ ಆಂಪಿಯರಿಂದು. ಅದರ ಮೇಲೆ ಪರೀಕ್ಷೆಯ ಸಣ್ಣ ಗುಂಡಿ ಇರ್ತದೆ, ತಿಂಗಳಿಗೊಮ್ಮೆ ನಾನೇ ಒತ್ತಿ ನೋಡ್ತೇನೆ. ಒತ್ತಿದ ಕೂಡ್ಲೆ ಬೀಳಬೇಕು. ಬೀಳದಿದ್ರೆ ಅದು ಇದ್ದೂ ಇಲ್ಲದ ಹಾಗೆ.

ದಿನದ ಕೆಲಸ ಇಷ್ಟೇ. ಉಷ್ಣದ ಗುಂಡಿ 55 ಡಿಗ್ರಿ ಹತ್ತಿರ. ಹೆಚ್ಚು ಬಿಸಿ ಮಾಡಿದಷ್ಟೂ ಸುಣ್ಣ ಬೇಗ ಕೂರ್ತದೆ. 15 ಲೀಟರು ಕಾಯಲಿಕ್ಕೆ 2000 ವ್ಯಾಟಿನ ಕಾಯಿಲಿಗೆ ಕಾಲು ಗಂಟೆ ಚಿಲ್ಲರೆ, ಅರ್ಧ ಯುನಿಟ್ಟು ಸಾಕು. ಅದಕ್ಕಿಂತ ತುಂಬ ಹೊತ್ತು ಬೇಕಾಯ್ತು ಹೇಳಿದ್ರೆ ಚಳಿಯನ್ನ ಬೈಬೇಡಿ, ಸುಣ್ಣ ನೋಡಿ. ಟಾಕಿಯಲ್ಲಿ ನೀರಿಲ್ದೇ ಇರುವಾಗ ಸ್ವಿಚ್ಚು ಹಾಕ್ಬೇಡಿ, ಆಯಿ ಹೇಳ್ತಿದ್ದ ಹಾಗೆ ತಳ ಹೋಗ್ತದೆ. ಬಿಸಿ ಆಗುವಾಗ ವಾಲ್ವಿನಿಂದ ನಾಲ್ಕು ಹನಿ ಬಿದ್ರೆ ಹೆದರ್ಬೇಡಿ, ಅದು ಇರೂದೇ ಅದಕ್ಕೆ, ಬಟ್ಟೆ ತುರುಕಿ ಮುಚ್ಚಬೇಡಿ. ಮೀಯೂ ಮುಂಚೆ ಸ್ವಿಚ್ಚು ತೆಗೀರಿ. ಚಳಿ, ಬೇಸಿಗೆಯಲ್ಲಿ ಅರ್ತಿಂಗಿನ ಗುಂಡಿಗೆ ವಾರಕ್ಕೊಂದು ಕೊಡ ನೀರು ಹೊಯ್ಯಿರಿ. ನಾನು ಪಾತ್ರೆ ತೊಳೆದ ನೀರನ್ನೇ ಆ ಬದಿಗೆ ತಿರುಗಿಸಿದ್ದೇನೆ. ಕಟ್ಟಿಗೆ ಬೇರೆ ಕಡೆ ಹೋಯ್ತು.

ಮಗಳು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಅಲ್ಲಿ ಗ್ಯಾಸ್ ಗೀಸರ್, ಅದೂ ಬಚ್ಚಲ ಒಳಗೇ. ಚಳಿ ಹೇಳಿ ಕಿಟಕಿ ಮುಚ್ಚಿ ಮೀತಿದ್ಲು. ಅದು ಕರೆಂಟಿಗಿಂತ ಕಳ್ಳ. ಮುಚ್ಚಿದ ಜಾಗದಲ್ಲಿ ಗಾಳಿ ಸಾಲದೇ ಗ್ಯಾಸು ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಹುಟ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಚ್ಚೂದೂ ಇಲ್ಲ. ತಲೆ ಸುತ್ತಿ ಬಿದ್ದವರು ಏಳೂದಿಲ್ಲ. ಫೋನಿನಲ್ಲಿ ಜಗಳ ಮಾಡಿ, ಯಜಮಾನರ ಹತ್ತಿರ ಹೇಳಿಸಿ, ಗೀಸರನ್ನ ಹೊರಗಿನ ಗೋಡೆಗೆ ಹಾಕ್ಸಿದೆ. "ಆಯಿ, ನಿನಗೆ ಗೀಸರ್ ಹುಚ್ಚು ಹಿಡಿದಿದೆ," ಅಂತಾಳೆ. ಹಿಡೀಲಿ.

ಈ ವರ್ಷ ತ್ರಯೋದಶಿಗೆ ಅಂಕೋಲೆ ಪೇಟೆಯಿಂದ ಹಿಂಡ್ಲಿಕಾಯಿ ಬಳ್ಳಿ ತಂದಿದ್ದೆ. ಅತ್ತೆ ಅಟ್ಟದ ಹಂಡೆಗೆ ಒಂದು ತುಂಡು ಸುತ್ತಿ, ಉಳಿದದ್ದನ್ನ ಗೀಸರಿನ ಕೆಳಗಿನ ಪೈಪಿಗೆ ಸುತ್ತು ಅಂದ್ರು. ಸುತ್ತಿದೆ. ಬಿಳಿ ಡಬ್ಬಿಗೆ ಅದು ಒಪ್ಪೂದೇ ಇಲ್ಲ, ಆದ್ರೂ ಇರ್ಲಿ. ಚತುರ್ದಶಿ ಬೆಳಿಗ್ಗೆ ಅತ್ತೆಯೇ ಮೊದಲು ಮಿಂದದ್ದು, ಬರಿಗಾಲು, ಅದೇ ತಾಮ್ರದ ಚೆಂಬು. ನಾನು ಬಾಗಿಲ ಹೊರಗೆ ನಿಂತಿದ್ದೆ. "ಅತ್ತೆ, ಕಚ್ತದ್ಯಾ?" ಕೇಳಿದೆ. "ಇಲ್ಲ, ಸುಮ್ನೆ ಹೋಗು, ಅವಲಕ್ಕಿ ಕಲಸು," ಅಂದ್ರು.

ನಿಮ್ಮನೆಯಲ್ಲೂ ಬರಿಗಾಲಲ್ಲಿ ಮೀಯೂ ಹಿರಿಯರಿದ್ರೆ ಇವತ್ತು ಒಂದ್ಸಲ ಕೇಳಿ, ನೀರು ಹೇಗುಂಟು ಹೇಳಿ. ಅವರು ಹೇಳಿದ್ದನ್ನ ನಗಾಡದೇ ಕೇಳ್ಕೊಳ್ಳಿ. ಮತ್ತೆ ಆ ಮೂರನೇ ಪಿನ್ನು ನೋಡ್ಸಿ.